ಬೀಗ ಹಾಕಿದ ಪ್ಲೇಟಿಂಗ್ ಶೆಡ್ ಖಾಲಿ ಮಾಡುವುದು ಹೇಗೆ? ವಿಷ ತ್ಯಾಜ್ಯ ತೆಗೆಯುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ತುಕ್ಕು ಹಿಡಿದ ಶಟರ್, ಗೇಟಿನೊಳಗೆ ಆಳೆತ್ತರ ಗಿಡ, ಒಡೆದ ಸಿಮೆಂಟ್ ಶೀಟು ಇರುವ ಶೆಡ್‌ಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಅವುಗಳಲ್ಲಿ ಕೆಲವು ಹಿಂದೆ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಾಗಿದ್ದವು, ಅಂದರೆ ಲೋಹದ ಸಾಮಾನಿಗೆ ಕರೆಂಟ್ ಹಾಯಿಸಿ ಇನ್ನೊಂದು ಲೋಹದ ತೆಳು ಲೇಪ ಕೊಡುವ ಕಡೆ. ಬಾಡಿಗೆಗಿದ್ದವರು ನಷ್ಟವಾಗಿ ಬಿಟ್ಟುಹೋಗಿರುತ್ತಾರೆ. ಇಲ್ಲವೇ ಮಾಲೀಕರು ತೀರಿಕೊಂಡು ಶೆಡ್ ಮಕ್ಕಳ ಪಾಲಿಗೆ ಬಂದಿರುತ್ತದೆ. ವರ್ಷಗಟ್ಟಲೆ ಯಾರೂ ಬೀಗ ತೆಗೆದಿರುವುದಿಲ್ಲ. ಜಾಗಕ್ಕೆ ಒಳ್ಳೆ ಬೆಲೆ ಬಂದ ದಿನ ಬೀಗ ತೆಗೆಯುತ್ತಾರೆ. ತೆಗೆದ ಕೂಡಲೇ ಗುಜರಿಯವರಿಗೆ ಫೋನ್ ಹೋಗುತ್ತದೆ, ನೆಲ ತೊಳೆಯಲು ನೀರಿನ ಪೈಪ್ ಬರುತ್ತದೆ.

ದಯವಿಟ್ಟು ಈ ಎರಡನ್ನೂ ಮಾಡಬೇಡಿ. ಈ ಬರಹ ಪೂರ್ತಿ ಓದಲು ಸಮಯವಿಲ್ಲದಿದ್ದರೆ ಇಷ್ಟು ನೆನಪಿಟ್ಟರೂ ಸಾಕು: ಒಳಗೆ ಏನಿದೆ ಅಂತ ಗೊತ್ತಾಗುವ ತನಕ ಒಂದು ಡಬ್ಬವನ್ನೂ ಸರಿಸಬಾರದು, ಒಂದು ಕೊಡ ನೀರನ್ನೂ ಸುರಿಯಬಾರದು.

ಗುಜರಿಯವರು ಯಾಕೆ ಬೇಡ? 2001ರ ಮಾರ್ಚ್‌ನಲ್ಲಿ ಕೊಡೈಕೆನಾಲ್‌ನ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಮೆತ್ತಿದ 7.4 ಟನ್ ಗಾಜಿನ ಚೂರು ಸಿಕ್ಕಿತು. ಅದು ಅಲ್ಲಿನ ಹಿಂದೂಸ್ತಾನ್ ಲೀವರ್ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದದ್ದು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರವೊಂದು ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಬಿಚ್ಚಿದವರಿಗೆ ಗೊತ್ತಿರಲಿಲ್ಲ. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಗುಜರಿ ಕೆಲಸದವರ ಬಳಿ ಇರುವುದು ಸುತ್ತಿಗೆ, ಗ್ಯಾಸ್ ಕಟರ್ ಮತ್ತು ಬರಿಗೈ. ಅವರ ಜೀವವನ್ನು ನಾವು ಪಣಕ್ಕಿಡಬಾರದು.

ಇಲ್ಲಿ ಪ್ಲೇಟಿಂಗ್ ಶೆಡ್ಡನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ವಿಷ ಒಟ್ಟಿಗೆ ಸಿಗುವ ಕಡೆ ಕಡಿಮೆ. ಬೇರೆ ಕಾರ್ಖಾನೆಯಾದರೆ ರಾಸಾಯನಿಕ ಬದಲಾಗುತ್ತದೆ, ಕೆಲಸದ ಕ್ರಮ ಇದೇ.

ಒಳಗೆ ಏನೇನು ಇರಬಹುದು

ಕ್ರೋಮ್ ಪ್ಲೇಟಿಂಗ್ ಇದ್ದ ಕಡೆ ಕ್ರೋಮಿಕ್ ಆ್ಯಸಿಡ್ ಇರುತ್ತದೆ. ಡ್ರಮ್ಮಿನಲ್ಲಿ ಕಡುಗೆಂಪು ಚೂರಿನಂತೆ ಕಾಣುತ್ತದೆ. ನೀರು ತಾಗಿದರೆ ಕಿತ್ತಳೆ, ಹಳದಿ ಬಣ್ಣ ಬಿಡುತ್ತದೆ. ಇದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ರೋಮಿಯಂನ ತುಂಬಾ ವಿಷಕಾರಿ ರೂಪ. ಇದರ ದೂಳು, ಹಬೆ ವರ್ಷಗಟ್ಟಲೆ ಮೂಗಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಹಳೆಯ ಪ್ಲೇಟಿಂಗ್ ಕೆಲಸಗಾರರ ಮೂಗಿನ ನಡುಗೋಡೆ ತೂತಾಗುವುದು ಇದರಿಂದಲೇ. ಹಸಿರು ದ್ರವ ಸಾಮಾನ್ಯವಾಗಿ ನಿಕ್ಕಲ್ ಬಾತ್ (ಬಾತ್ ಅಂದರೆ ಸಾಮಾನನ್ನು ಅದ್ದಿ ಲೇಪ ಕೊಡುವ ದ್ರಾವಣ). ನೀಲಿ ಇದ್ದರೆ ತಾಮ್ರದ್ದು, ನಮ್ಮ ಮೈಲುತುತ್ತವೇ. ಆದರೆ ಬಣ್ಣ ಬರೀ ಸುಳಿವು, ಸಾಕ್ಷಿಯಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಸಯನೈಡ್. ಸತು, ತಾಮ್ರ, ಬೆಳ್ಳಿ, ಚಿನ್ನದ ಹಳೆಯ ಬಾತ್‌ಗಳಲ್ಲಿ ಇದನ್ನು ಬಳಸುತ್ತಿದ್ದರು. ಡಬ್ಬದಲ್ಲಿ ಬಿಳಿ ಪುಡಿ ಅಥವಾ ಉಂಡೆ. ನೋಡಿದರೆ ಉಪ್ಪೋ ಸೋಡವೋ ಅನ್ನಿಸುತ್ತದೆ. ಇದಕ್ಕೆ ಆ್ಯಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಅದು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಕಹಿ ಬಾದಾಮಿ ವಾಸನೆ ಬರುತ್ತದೆ ಅಂತಾರೆ. ಆದರೆ ಎಷ್ಟೋ ಜನರ ಮೂಗಿಗೆ ಹುಟ್ಟಿನಿಂದಲೇ ಆ ವಾಸನೆ ಗೊತ್ತಾಗುವುದಿಲ್ಲ. ಮೂಗನ್ನು ನಂಬಿ ಒಳಗೆ ಹೋಗಬೇಡಿ.

ಇನ್ನು ಸಲ್ಫ್ಯೂರಿಕ್, ಹೈಡ್ರೋಕ್ಲೋರಿಕ್, ನೈಟ್ರಿಕ್ ಆ್ಯಸಿಡ್ ಕ್ಯಾನ್‌ಗಳು ಇದ್ದೇ ಇರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಪಿಕ್ಲಿಂಗ್ (ಆ್ಯಸಿಡ್ಡಿನಲ್ಲಿ ಅದ್ದಿ ಮೇಲ್ಮೈ ಶುದ್ಧ ಮಾಡುವುದು) ಮಾಡಿದ್ದರೆ ಹೈಡ್ರೋಫ್ಲೋರಿಕ್ ಆ್ಯಸಿಡ್ ಕೂಡ ಇರಬಹುದು. ಇದು ಚರ್ಮಕ್ಕೆ ಬಿದ್ದಾಗ ಮೊದಲು ಅಷ್ಟೇನೂ ಉರಿಯದೆ, ಗಂಟೆಗಳ ನಂತರ ಒಳಗಿನ ಎಲುಬಿನ ತನಕ ಹೋಗಬಲ್ಲದು. ಎಣ್ಣೆ ಜಿಡ್ಡು ತೆಗೆಯಲು ಬಳಸಿದ ಟ್ರೈಕ್ಲೋರೋಎಥಿಲೀನ್ ಸಿಹಿ ವಾಸನೆಯದು. ಅದರ ಆವಿ ಗಾಳಿಗಿಂತ ಭಾರ, ಸಂಪಿನ ತಳದಲ್ಲಿ ಕೂತಿರುತ್ತದೆ. ಹಿಂಭಾಗದಲ್ಲಿ ಇಟಿಪಿ, ಅಂದರೆ ಕೊಳಕು ನೀರು ಶುದ್ಧೀಕರಿಸುವ ಘಟಕದ ಕೆಸರಿನ ಗೋಣಿಚೀಲಗಳು ಹರಿದು ಬಿದ್ದಿರುತ್ತವೆ. ಚಾವಣಿಯ ಹಳೆ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಟ್ಯೂಬ್‌ಲೈಟಿನಲ್ಲಿ ಪಾದರಸ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರುವ ಸಾಧ್ಯತೆಯೂ ಇದೆ.

ಹೆಜ್ಜೆ 1: ಬೀಗಕ್ಕೆ ಮೊದಲು ಕಾಗದ

ಆ ಘಟಕಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿದ್ದ ಸಮ್ಮತಿ ಪತ್ರ, ಅಪಾಯಕಾರಿ ತ್ಯಾಜ್ಯದ ಅನುಮತಿ ಪತ್ರ, ಫಾರಂ 4ರ ವಾರ್ಷಿಕ ವರದಿಗಳನ್ನು ಹುಡುಕಿ. ಯಾವ ಲೋಹದ ಪ್ಲೇಟಿಂಗ್, ವರ್ಷಕ್ಕೆ ಎಷ್ಟು ಕೆಸರು, ಎಲ್ಲ ಅದರಲ್ಲಿರುತ್ತದೆ. ಮನೆಯಲ್ಲಿ ಪ್ರತಿ ಇಲ್ಲದಿದ್ದರೆ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ರಾಸಾಯನಿಕ ಕೊಂಡ ಹಳೆ ಬಿಲ್ಲುಗಳೂ ಉಪಯೋಗಕ್ಕೆ ಬರುತ್ತವೆ.

ಕಾಗದಕ್ಕಿಂತ ಒಳ್ಳೆಯ ಮಾಹಿತಿ ಅಲ್ಲಿ ದುಡಿದವರ ಬಳಿ ಇರುತ್ತದೆ. ಹಳೆಯ ಆಪರೇಟರ್ ಒಬ್ಬರನ್ನು ಹೇಗಾದರೂ ಪತ್ತೆ ಮಾಡಿ, ಗೌರವದಿಂದ ಕೂರಿಸಿ ಕೇಳಿ. ಸಯನೈಡ್ ಬಾತ್ ಯಾವ ಮೂಲೆಯಲ್ಲಿತ್ತು? ಹಾಳಾದ ಬಾತ್ ಎಲ್ಲಿ ಸುರಿಯುತ್ತಿದ್ದರು? ನೆಲದಡಿ ಮುಚ್ಚಿದ ತೊಟ್ಟಿ ಇದೆಯಾ? ಹಿತ್ತಲಲ್ಲಿ ಏನಾದರೂ ಹೂತಿದ್ದಾರಾ? ಅವರು ಹೇಳಿದಂತೆ ಕಾಗದದ ಮೇಲೆ ಒಂದು ನಕ್ಷೆ ಬರೆದುಕೊಳ್ಳಿ. ಅವರಿಗೆ ಆ ದಿನದ ಕೂಲಿಯನ್ನೂ ಕೊಡಿ.

ಆಮೇಲೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಒಂದು ಪ್ರತಿ ಇರಲಿ. "ಹೇಳಿದರೆ ನಮ್ಮ ಮೇಲೇ ಬರುತ್ತದೆ" ಅಂತ ಮುಚ್ಚಿಡುವವರಿದ್ದಾರೆ. ಹೇಳದಿದ್ದರೆ ಇನ್ನೂ ಜಾಸ್ತಿ ಬರುತ್ತದೆ. ಈ ತ್ಯಾಜ್ಯವನ್ನು ಆಳುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು. ಕಲುಷಿತ ಜಾಗಗಳ ನಿರ್ವಹಣೆಗೆಂದೇ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನೂ ತಂದಿದೆ. ಮಾಲಿನ್ಯ ಮಾಡಿದವರೇ ಶುದ್ಧೀಕರಣದ ಖರ್ಚು ಹೊರಬೇಕು ಎಂಬುದು ಅದರ ತಿರುಳು. ಹಾಗಾಗಿ ಶೆಡ್ ಕೊಳ್ಳುವವರೂ ಬಾಡಿಗೆಗೆ ಕೊಟ್ಟವರೂ ಕರಾರು ಪತ್ರಗಳನ್ನು ಜೋಪಾನ ಮಾಡಿ.

ಇನ್ನೊಂದು ಮಾತು. ಮುಂದಿನ ಹೆಜ್ಜೆಗಳಲ್ಲಿ ತ್ಯಾಜ್ಯ ಮುಟ್ಟುವ ಕೆಲಸವೆಲ್ಲ ಅನುಮತಿ ಇರುವ, ತರಬೇತಿ ಪಡೆದ ತಂಡದ್ದು. ನಿಮ್ಮ ಕೆಲಸ ಅವರನ್ನು ಕರೆಸುವುದು, ಸರಿಯಾಗಿ ಮಾಡಿಸುವುದು, ಅಡ್ಡದಾರಿ ಹಿಡಿದರೆ ತಡೆಯುವುದು. ಏನು ನಡೆಯಬೇಕು ಅಂತ ಗೊತ್ತಿದ್ದರೆ ತಾನೇ ಕೇಳಲು ಸಾಧ್ಯ?

ಹೆಜ್ಜೆ 2: ಹೊರಗಿನಿಂದ ಬಂದೋಬಸ್ತ್

ಮೀಟರಿನಲ್ಲೇ ಕರೆಂಟ್ ತೆಗೆಸಿ. ನೀರಿನ ಸಂಪರ್ಕ ಬಂದ್ ಮಾಡಿಸಿ. ಕಾವಲಿಗೆ ಒಬ್ಬರನ್ನು ಇಡಿ, ಆದರೆ ಅವರು ಶೆಡ್ಡಿನೊಳಗೆ ಮಲಗಬಾರದು.

ಮೋರಿಯ ವಿಷಯದಲ್ಲಿ ತುಂಬಾ ಜಾಗ್ರತೆ ಬೇಕು. ಶೆಡ್ಡಿನಿಂದ ಹೊರಹೋಗುವ ಪ್ರತಿ ಚರಂಡಿ ಬಾಯಿಯನ್ನೂ ಮರಳು ಚೀಲ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಸಿ. ಪೀಣ್ಯದ ಮೋರಿ ನೀರು ವೃಷಭಾವತಿ ಸೇರುತ್ತದೆ. ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ. ದಾರಿಯುದ್ದಕ್ಕೂ ಅದೇ ನೀರಿನಲ್ಲಿ ಬೆಳೆ ಬೆಳೆಯುವ ರೈತರಿದ್ದಾರೆ. ನೆಲ ತೊಳೆದ ನೀರು ಮಾಯವಾಗುವುದಿಲ್ಲ, ಬೇರೆಯವರ ಹೊಲಕ್ಕೆ ಹೋಗುತ್ತದೆ.

ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಯುವಂತೆ ಯೋಜನೆ ಹಾಕಿ. ಆಗದಿದ್ದರೆ ಸೋರುವ ಚಾವಣಿಯ ಕೆಳಗಿರುವ ತೊಟ್ಟಿ, ಚೀಲಗಳ ಮೇಲೆ ಮಳೆ ಬೀಳದಂತೆ ಟಾರ್ಪಾಲಿನ್ ವ್ಯವಸ್ಥೆ ಮೊದಲಾಗಲಿ. ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಹಳೆ ಶೀಟು ಭಾರ ತಡೆಯದೆ ಮುರಿಯುತ್ತದೆ, ಕೆಳಗೆ ಆ್ಯಸಿಡ್ ತೊಟ್ಟಿ ಇರಬಹುದು.

ಹೆಜ್ಜೆ 3: ಮೊದಲ ಸಲ ಒಳಗೆ, ಕಣ್ಣಿಗೆ ಮಾತ್ರ ಕೆಲಸ

ಬಾಗಿಲು, ಕಿಟಕಿ ತೆರೆದು ಗಾಳಿಯಾಡಲು ಬಿಡಬೇಕು. ಆಮೇಲೆ ತಂಡದ ಇಬ್ಬರು ಒಳಗೆ, ಒಬ್ಬರು ಹೊರಗೆ. ಯಾರೂ ಒಬ್ಬರೇ ಹೋಗುವಂತಿಲ್ಲ.

ಅನಿಲ ಮೀಟರ್ ವಿಷಯ ಗಮನಿಸಿ. ಸಾಮಾನ್ಯವಾಗಿ ತರುವ ನಾಲ್ಕು ಅನಿಲದ ಮೀಟರ್ ಆಮ್ಲಜನಕ, ಬೆಂಕಿ ಹೊತ್ತುವ ಆವಿ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಇವನ್ನಷ್ಟೇ ತೋರಿಸುತ್ತದೆ. ಅದಕ್ಕೆ ಸಯನೈಡ್ ಗೊತ್ತಾಗುವುದಿಲ್ಲ. ಪ್ಲೇಟಿಂಗ್ ಶೆಡ್ಡಿಗೆ ಹೈಡ್ರೋಜನ್ ಸಯನೈಡ್ ಸೆನ್ಸರ್ ಬೇರೆಯೇ ಬೇಕು. ಮೀಟರ್ ಹಸಿರು ತೋರಿಸುತ್ತಿದೆ ಅಂತ ನೆಮ್ಮದಿಯಾಗುವ ಮುನ್ನ ಈ ಪ್ರಶ್ನೆ ಕೇಳಿ.

ಬಟ್ಟೆ ಮಾಸ್ಕ್, ಎನ್95 ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಆ್ಯಸಿಡ್ ಹಬೆಗೂ ದ್ರಾವಕದ ಆವಿಗೂ ಹೊಂದುವ ಕಾರ್ಟ್ರಿಜ್ ಇರುವ ಪೂರ್ತಿ ಮುಖದ ಮಾಸ್ಕ್ ಬೇಕು. ಅನಿಲ ಯಾವುದು ಅಂತಲೇ ಗೊತ್ತಿಲ್ಲದ ಕಡೆ, ಆಮ್ಲಜನಕ ಕಡಿಮೆ ಇರುವ ಕಡೆ ಕಾರ್ಟ್ರಿಜ್ ಸಾಲದು, ಬೆನ್ನಿಗೆ ಗಾಳಿ ಸಿಲಿಂಡರ್ ಇರಲೇಬೇಕು. ಕೈಗೆ ಉದ್ದನೆಯ ಪಿವಿಸಿ ಅಥವಾ ನಿಯೋಪ್ರೀನ್ ಗ್ಲೌಸ್, ಕಾಲಿಗೆ ಗಂಬೂಟ್. ಪ್ಯಾಂಟನ್ನು ಬೂಟಿನ ಒಳಗೆ ಸಿಕ್ಕಿಸಬಾರದು, ಮೇಲೆ ಬಿಡಬೇಕು. ಇಲ್ಲದಿದ್ದರೆ ಸಿಡಿದ ಆ್ಯಸಿಡ್ ನೇರ ಬೂಟಿನೊಳಗೆ ಇಳಿಯುತ್ತದೆ.

ಈ ಸುತ್ತಿನಲ್ಲಿ ಏನನ್ನೂ ಮುಟ್ಟದೆ ಫೋಟೋ ತೆಗೆದು, ಪ್ರತಿ ಡ್ರಮ್ಮಿಗೂ ಪಟ್ಟಿಯಲ್ಲಿ ಒಂದು ನಂಬರ್ ಕೊಡಬೇಕು. ಉಬ್ಬಿದ ಡ್ರಮ್ಮಿನ ಒಳಗೆ ಒತ್ತಡ ಇರುತ್ತದೆ, ಅದರ ಹತ್ತಿರ ಹೋಗಬಾರದು. ಮುಚ್ಚಳದ ಸುತ್ತ ಹರಳು ಕಟ್ಟಿದ ಬಾಟಲಿಗಳೂ ಹಾಗೆಯೇ. ಮೂರು ಎಲೆಯಂಥ ವಿಕಿರಣದ ಗುರುತು ಕಂಡರೆ ಕೆಲಸ ನಿಲ್ಲಿಸಿ, ಎಲ್ಲರೂ ಹೊರಬಂದು 112ಕ್ಕೆ ತಿಳಿಸಿ.

ಆಸ್ಪತ್ರೆಯ ಏರ್ಪಾಡು ಕೂಡ ಇದೇ ದಿನಕ್ಕೆ ಮುಂಚೆ ಆಗಬೇಕು. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಸಯನೈಡ್‌ಗೆ ಪ್ರತಿವಿಷ ಇದೆಯಾ ಅಂತ ಕೇಳಿ. ಹೈಡ್ರೋಫ್ಲೋರಿಕ್ ಇರುವ ಅನುಮಾನ ಇದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಸ್ಥಳದಲ್ಲೇ ಇರಲಿ. ಮೈಮೇಲೆ ಆ್ಯಸಿಡ್ ಬಿದ್ದರೆ ಕನಿಷ್ಠ 15 ನಿಮಿಷ ನೀರು ಸುರಿಯಬೇಕು. ಅದಕ್ಕೆ ಶುದ್ಧ ನೀರಿನ ಟ್ಯಾಂಕ್ ಬಾಗಿಲ ಹೊರಗೆ ತಯಾರಿರಲಿ. ಸಯನೈಡ್ ತಗಲಿದವರಿಗೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬಾರದು, ಕೊಡುವವರಿಗೂ ವಿಷ ಹತ್ತುತ್ತದೆ.

ಹೆಜ್ಜೆ 4: ಪರೀಕ್ಷೆ

ಪಿಎಚ್ ಕಾಗದ (ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆ್ಯಸಿಡ್, ಹೆಚ್ಚಿದ್ದರೆ ಕ್ಷಾರ), ಸಯನೈಡ್ ಮತ್ತು ಕ್ರೋಮಿಯಂ ಪರೀಕ್ಷಾ ಪಟ್ಟಿಗಳಿಂದ ಸ್ಥಳದಲ್ಲೇ ಒಂದು ಅಂದಾಜು ಸಿಗುತ್ತದೆ. ಅದರಿಂದ ಗುಂಪು ಮಾಡಬಹುದು. ವಿಲೇವಾರಿಗೆ ಬೇಕಾದ ಫಲಿತಾಂಶ ಮಾನ್ಯತೆ ಪಡೆದ ಪ್ರಯೋಗಾಲಯದಿಂದಲೇ ಬರಬೇಕು. ಲೇಬಲ್ ನೋಡಿ ನಂಬಬೇಡಿ. ಖಾಲಿಯಾದ ಕ್ಯಾನಿಗೆ ಇನ್ನೊಂದನ್ನು ತುಂಬುವುದು ನಮ್ಮ ಶೆಡ್‌ಗಳಲ್ಲಿ ದಿನನಿತ್ಯದ ಅಭ್ಯಾಸ. "ನಿಕ್ಕಲ್" ಅಂತ ಬರೆದ ಕ್ಯಾನಿನಲ್ಲಿ ನೈಟ್ರಿಕ್ ಇರಬಹುದು. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಾದ ಸಿಪಿಆರ್‌ಐ ಇದೆ.

ಹೆಜ್ಜೆ 5: ಬೇರೆ ಮಾಡುವುದು

ಇಡೀ ಕೆಲಸದ ಜೀವಾಳ ಇದು. ಪ್ಲೇಟಿಂಗ್ ಶೆಡ್ಡಿನ ಅನಾಹುತಗಳು ಹೆಚ್ಚಾಗಿ ಆಗುವುದು ಎರಡು ವಸ್ತು ಸೇರಿದಾಗ.

ಸಯನೈಡ್ ಮತ್ತು ಆ್ಯಸಿಡ್ ಒಂದೇ ಕೋಣೆಯಲ್ಲಿ ಇರಬಾರದು. ನೆಲದ ಇಳಿಜಾರೂ ಒಂದೇ ಆಗಿರಬಾರದು. ಒಂದು ಸೋರಿದರೆ ಇನ್ನೊಂದರ ಕಡೆ ಹರಿಯುವಂತಿದ್ದರೆ ನಡುವೆ ಗೋಡೆ ಇದ್ದೂ ಪ್ರಯೋಜನವಿಲ್ಲ. ಸಯನೈಡ್ ದ್ರಾವಣ ಕ್ಷಾರವಾಗಿದ್ದಾಗ ಹಿಡಿತದಲ್ಲಿರುತ್ತದೆ. ಪಿಎಚ್ 10ಕ್ಕಿಂತ ಕೆಳಗೆ ಇಳಿಯುತ್ತಾ ಬಂದಂತೆ ಅನಿಲವಾಗಿ ಏಳಲು ಶುರುವಾಗುತ್ತದೆ. ಮಳೆ ನೀರು ಬಿದ್ದು ತೆಳುವಾದ ಹಳೆಯ ಬಾತ್ ಇದಕ್ಕೇ ಅಪಾಯ. ನನ್ನ ಅಭಿಪ್ರಾಯ ಇಷ್ಟು: ಆ್ಯಸಿಡ್ ಕ್ಯಾನ್‌ಗಳೆಲ್ಲ ಮುಚ್ಚಿರುವಾಗಲೇ ಸಯನೈಡ್ ಮೊದಲು ಶೆಡ್ ಬಿಡಬೇಕು. ಅದು ಗೇಟು ದಾಟಿದ ಮೇಲೆ ಆ್ಯಸಿಡ್ ಕೆಲಸ ಶುರುವಾಗಲಿ.

ಕ್ರೋಮಿಕ್ ಆ್ಯಸಿಡ್, ನೈಟ್ರಿಕ್ ಆ್ಯಸಿಡ್ ಇವೆರಡೂ ಬೆಂಕಿಗೆ ಕುಮ್ಮಕ್ಕು ಕೊಡುವಂಥವು. ಇವು ಚೆಲ್ಲಿದಾಗ ಮರದ ಹೊಟ್ಟು, ಗೋಣಿ, ಹಳೆ ಬಟ್ಟೆ ಹಾಕಿ ಒರೆಸಬಾರದು. ತಾನಾಗಿಯೇ ಹೊತ್ತಿಕೊಳ್ಳಬಹುದು. ಒಣ ಮರಳು ಬಳಸಿ. ಎಣ್ಣೆ, ದ್ರಾವಕಗಳಿಂದ ಇವನ್ನು ದೂರ ಇಡಿ.

"ಇಲ್ಲೇ ಸುಣ್ಣ ಹಾಕಿ ನ್ಯೂಟ್ರಲ್ ಮಾಡಿಬಿಡೋಣ, ಸಾಗಣೆ ಖರ್ಚು ಉಳಿಯುತ್ತದೆ" ಅಂತ ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಬರೀ ಸುಣ್ಣ ಹಾಕಿದರೆ ಅದು ಕೆಳಗೆ ಕೂರುವುದೇ ಇಲ್ಲ. ಮೊದಲು ಪಿಎಚ್ 2ರಿಂದ 3ರ ಆಸುಪಾಸಿನಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಟ್ರೈವೇಲೆಂಟ್ ಎಂಬ ಕಡಿಮೆ ವಿಷದ ರೂಪಕ್ಕೆ ಬದಲಿಸಬೇಕು, ಕಿತ್ತಳೆ ಬಣ್ಣ ಹಸಿರಾಗಬೇಕು. ಆಮೇಲೆ ಸುಣ್ಣ. ಸಯನೈಡ್ ನಾಶ ಇದಕ್ಕೆ ತದ್ವಿರುದ್ಧ, ಪಿಎಚ್ 10ರ ಮೇಲೆಯೇ ಇಟ್ಟು ಹೈಪೋಕ್ಲೋರೈಟ್ ಹಾಕಬೇಕು. ಒಂದಕ್ಕೆ ಆ್ಯಸಿಡ್ ಬೇಕು, ಇನ್ನೊಂದಕ್ಕೆ ಆ್ಯಸಿಡ್ ತಾಗಲೇಬಾರದು. ಇಂಥ ಕೆಲಸವನ್ನು ಕರೆಂಟಿಲ್ಲದ ಹಳೆ ಶೆಡ್ಡಿನಲ್ಲಿ ಬಕೆಟ್ ಹಿಡಿದು ಮಾಡುವುದುಂಟಾ?

ಹೆಜ್ಜೆ 6: ತುಂಬುವುದು, ಲೇಬಲ್ ಹಚ್ಚುವುದು

ಆ್ಯಸಿಡ್, ಕ್ರೋಮ್ ದ್ರಾವಣಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಡ್ರಮ್, ಎಣ್ಣೆ ಮತ್ತು ದ್ರಾವಕಗಳಿಗೆ ಕಬ್ಬಿಣದ ಡ್ರಮ್. ಬಾಯಿ ತನಕ ತುಂಬದೆ ಸ್ವಲ್ಪ ಜಾಗ ಬಿಡಬೇಕು. ಸೋರುವ ಡ್ರಮ್ಮನ್ನು ಇನ್ನೊಂದು ದೊಡ್ಡ ಡ್ರಮ್ಮಿನೊಳಗೆ ಇಳಿಸಬೇಕು. ಎಲ್ಲವೂ ಸೋರಿಕೆ ಹಿಡಿಯುವ ತಟ್ಟೆಗಳ ಮೇಲೆ ಕೂರಬೇಕು. ದ್ರವ ವರ್ಗಾಯಿಸಲು ಪಂಪ್ ಬಳಸಬೇಕು, ಬಾಯಲ್ಲಿ ಎಳೆದು ಪೈಪ್ ಹಾಕುವ ಅಭ್ಯಾಸ ಕಂಡರೆ ಅಲ್ಲೇ ನಿಲ್ಲಿಸಿ.

2016ರ ನಿಯಮಗಳ ಫಾರಂ 8ರ ಲೇಬಲ್ ಹೊಳೆಯುವ ಹಳದಿ ಹಿನ್ನೆಲೆಯದು. ಅಪಾಯಕಾರಿ ತ್ಯಾಜ್ಯ, ಜೋಪಾನ ಎಂಬ ಎಚ್ಚರಿಕೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು. ನಮ್ಮಲ್ಲಿ ಕನ್ನಡ ಬಿಟ್ಟು ಹಚ್ಚುವವರಿದ್ದಾರೆ. ಡ್ರಮ್ ಎತ್ತುವವರು ಓದುವುದು ಕನ್ನಡವನ್ನು, ಆದ್ದರಿಂದ ಪಟ್ಟು ಹಿಡಿದು ಹಾಕಿಸಿ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇದನ್ನು ದಾಸ್ತಾನು ಇಡುವಂತಿಲ್ಲ.

ಹೆಜ್ಜೆ 7: ತೊಟ್ಟಿ, ಸಂಪು, ಇಟಿಪಿ ಟ್ಯಾಂಕ್

ನೆಲದಡಿಯ ತೊಟ್ಟಿಗೆ ಒಬ್ಬರು ಇಳಿದು ಬೀಳುತ್ತಾರೆ. ಕಾಪಾಡಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಬೀಳುತ್ತಾರೆ. ಇಂಥ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಆದಷ್ಟು ಮನುಷ್ಯರು ಇಳಿಯದೆ ವ್ಯಾಕ್ಯೂಮ್ ಟ್ಯಾಂಕರಿನಿಂದ ಎಳೆಸಿ. ಇಳಿಯಲೇಬೇಕಾದರೆ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಮೀಟರ್ ಇಳಿಬಿಟ್ಟು ನೋಡಬೇಕು. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಗಾಳಿ ಸಿಲಿಂಡರ್ ಇಲ್ಲದೆ ಇಳಿಯುವಂತಿಲ್ಲ. ಇಡೀ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ (ಹಾರ್ನೆಸ್), ಹಗ್ಗ, ಮೇಲೆ ಎಳೆಯಲು ಮುಕ್ಕಾಲಿ ಕಂಬ, ಮೇಲೆ ಒಬ್ಬರ ಕಾವಲು ಇರಬೇಕು. ಒಳಗಿರುವಷ್ಟು ಹೊತ್ತೂ ಅಳೆಯುತ್ತಲೇ ಇರಬೇಕು, ಯಾಕೆಂದರೆ ಕೆಸರು ಕಲಕಿದಾಗಲೇ ಅನಿಲ ಏಳುತ್ತದೆ.

ಹೆಜ್ಜೆ 8: ಸಾಗಿಸುವುದು

ಬೆಂಗಳೂರು ಸುತ್ತಮುತ್ತಲಿನ ಇಂಥ ತ್ಯಾಜ್ಯ ದಾಬಸ್‌ಪೇಟೆಯಲ್ಲಿರುವ ಟಿಎಸ್‌ಡಿಎಫ್, ಅಂದರೆ ಸಂಸ್ಕರಣೆ ಮತ್ತು ಸುರಕ್ಷಿತ ಭೂಭರ್ತಿ ಘಟಕಕ್ಕೆ ಹೋಗುತ್ತದೆ. ಅವರು ಮೊದಲು ಮಾದರಿ ತರಿಸಿ ಪರೀಕ್ಷಿಸುತ್ತಾರೆ, ದರ ಹೇಳುತ್ತಾರೆ, ಆಮೇಲೆ ಒಪ್ಪಂದ. ನಿಕ್ಕಲ್ ಬಾತ್‌ನಂಥ ಬೆಲೆಯುಳ್ಳ ದ್ರಾವಣಗಳನ್ನು ಅನುಮತಿ ಇರುವ ಮರುಬಳಕೆ ಘಟಕಗಳು ತೆಗೆದುಕೊಳ್ಳಬಹುದು. ಅದರಿಂದ ಖರ್ಚು ಸ್ವಲ್ಪ ತಗ್ಗುತ್ತದೆ.

ಲಾರಿ ಜತೆ ಹೋಗುವ ಮುಖ್ಯ ಕಾಗದ ಫಾರಂ 10, ಇದೇ ಮ್ಯಾನಿಫೆಸ್ಟ್. ನಿಯಮದ ಪ್ರಕಾರ ಏಳು ಬಣ್ಣದ ಏಳು ಪ್ರತಿ. ಹಳದಿ ಪ್ರತಿ ಸಾಗಣೆದಾರರ ಸಹಿಯೊಂದಿಗೆ ನಿಮ್ಮಲ್ಲಿ ಉಳಿಯುತ್ತದೆ. ನೀಲಿ ಪ್ರತಿ ತ್ಯಾಜ್ಯ ಸ್ವೀಕರಿಸಿದವರಿಂದ ನಿಮಗೆ ವಾಪಸ್ ಬರಬೇಕು. ಆ ನೀಲಿ ಕಾಗದ ಬರುವ ತನಕ ನಿಮ್ಮ ಜವಾಬ್ದಾರಿ ಮುಗಿದಿಲ್ಲ. "ಅರ್ಧ ರೇಟಿಗೆ ತಗೊಂಡು ಹೋಗ್ತೀವಿ, ಪೇಪರ್ ಬೇಡ" ಅನ್ನುವ ಲಾರಿ ರಾತ್ರಿ ಯಾವುದೋ ಕೆರೆ ದಂಡೆಯಲ್ಲಿ ಖಾಲಿಯಾಗುತ್ತದೆ. ಚಾಲಕರ ಬಳಿ ತುರ್ತು ಸಮಯದ ಕಾರ್ಡ್, ಫಾರಂ 9, ಇದೆಯಾ ನೋಡಿ. ಅವರಿಗೆ ಅದನ್ನು ಓದಿ ಹೇಳಿ.

ಹೆಜ್ಜೆ 9: ನೆಲ, ಗೋಡೆ, ಚಾವಣಿ

ಡ್ರಮ್ ಹೋದ ಮೇಲೆ ಶೆಡ್ ಖಾಲಿ ಕಾಣುತ್ತದೆ, ಆದರೆ ಕ್ರೋಮ್ ಕಾಂಕ್ರೀಟಿನೊಳಗೆ ಇಂಗಿರುತ್ತದೆ. ಗೋಡೆಯ ಬುಡದಲ್ಲಿ ಹಳದಿ ಲವಣ ಉಬ್ಬಿರುವುದು ಅದರ ಗುರುತು. ಪೊರಕೆ ಹಾಕಿದರೆ ವಿಷದ ದೂಳು ಏಳುತ್ತದೆ. ಅತಿ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇಕು, ನಂತರ ಒದ್ದೆ ಬಟ್ಟೆಯ ಒರೆಸುವಿಕೆ. ಆ ಬಟ್ಟೆ, ಆ ನೀರು ಕೂಡ ಡ್ರಮ್ಮಿಗೇ. ತೊಟ್ಟಿಗಳಿದ್ದ ಕಡೆ ಕಾಂಕ್ರೀಟ್ ಕೊರೆದು ಮಾದರಿ ಪರೀಕ್ಷಿಸಬೇಕು. ಕೆಟ್ಟಿದ್ದರೆ ಆ ಪದರವನ್ನೇ ಕೆತ್ತಿ ತೆಗೆಯಬೇಕು. ಪರೀಕ್ಷೆಯಾಗದ ಡೆಬ್ರಿಯನ್ನು, ಅಂದರೆ ಒಡೆದ ಕಾಂಕ್ರೀಟ್ ಚೂರನ್ನು, ಸೈಟು ತುಂಬಲು ಯಾರಿಗೂ ಕೊಡಬೇಡಿ. ಅದರ ಮೇಲೆ ನಾಳೆ ಮನೆ ಏಳುತ್ತದೆ.

ಸಿಮೆಂಟ್ ಶೀಟಿಗೆ ಮಾತ್ರ ನೀರು ಬೇಕು, ಅದೂ ಸಣ್ಣ ಹನಿಯಾಗಿ ಸಿಂಪಡಿಸಿದ್ದು. ಕಲ್ನಾರಿನ ಎಳೆ ಹಾರದಿರಲಿ ಅಂತ. ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು, ಒಡೆಯಬಾರದು, ಮೆಷಿನ್‌ನಲ್ಲಿ ಕೊಯ್ಯಬಾರದು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಬೇಕು.

ಕಬ್ಬಿಣದ ಚೌಕಟ್ಟು, ಖಾಲಿ ತೊಟ್ಟಿಗಳನ್ನು ಶುದ್ಧೀಕರಿಸಿ, ಪರೀಕ್ಷೆ ಪಾಸಾದ ಮೇಲೆ ಗುಜರಿಯವರನ್ನು ಕರೆಯಿರಿ. ಈಗ ಕರೆದರೆ ತೊಂದರೆಯಿಲ್ಲ.

ಹೆಜ್ಜೆ 10: ಮಣ್ಣು, ಬೋರ್‌ವೆಲ್

1984ರ ದುರಂತ ನಡೆದ ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ಬಿದ್ದಿದ್ದ 337 ಟನ್ ತ್ಯಾಜ್ಯ ಹೊರಹೋದದ್ದು 2025ರ ಜನವರಿಯಲ್ಲಿ, 12 ಕಂಟೇನರ್‌ಗಳಲ್ಲಿ, ಪೀಥಂಪುರಕ್ಕೆ. ನಲವತ್ತು ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ವಿಷ ಮಣ್ಣಿಗೂ ಸುತ್ತಲಿನ ಬಡಾವಣೆಗಳ ಅಂತರ್ಜಲಕ್ಕೂ ಇಳಿದಾಗಿತ್ತು. ಚೀಲ, ಡ್ರಮ್ ಲಾರಿ ಹತ್ತಿದರೂ ಅಂತರ್ಜಲ ಅಲ್ಲೇ ಉಳಿಯುತ್ತದೆ.

ಪೀಣ್ಯದ ಅಂತರ್ಜಲದಲ್ಲೂ ಕ್ರೋಮಿಯಂ ಕಂಡುಬಂದಿದೆ. ಹಾಗಾಗಿ ತೊಟ್ಟಿಗಳಿದ್ದ ಜಾಗ, ಇಟಿಪಿ ಪಕ್ಕ, ಹಳೆಯ ಆಪರೇಟರ್ ತೋರಿಸಿದ ಮೂಲೆ, ಇಲ್ಲೆಲ್ಲ ಬೇರೆ ಬೇರೆ ಆಳದಿಂದ ಮಣ್ಣು ತೆಗೆಸಿ ಪರೀಕ್ಷಿಸಿ. ಆವರಣದ ಬೋರ್‌ವೆಲ್ ನೀರನ್ನೂ ಕಳಿಸಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮೀರಿದ್ದರೆ ಬೋರ್‌ವೆಲ್‌ಗೆ ಬೀಗ ಹಾಕಿಸಿ, ಮಂಡಳಿಗೆ ಬರೆಯಿರಿ, ಅಕ್ಕಪಕ್ಕದವರಿಗೂ ಹೇಳಿ. ಅವರ ಮಕ್ಕಳೂ ಅದೇ ನೀರು ಕುಡಿಯುತ್ತಿರಬಹುದು ಅಲ್ವಾ?

ಒಂದು ಮಳೆಗಾಲ ಕಳೆದ ಮೇಲೆ ಅದೇ ಜಾಗಗಳ ನೀರನ್ನು ಮತ್ತೊಮ್ಮೆ ಪರೀಕ್ಷಿಸಿ. ಎರಡೂ ವರದಿ, ಹಳದಿ-ನೀಲಿ ಮ್ಯಾನಿಫೆಸ್ಟ್ ಪ್ರತಿಗಳು, ಮೊದಲ ದಿನದ ಫೋಟೋಗಳು ಒಂದೇ ಕಡತದಲ್ಲಿರಲಿ. ಶೆಡ್ ಮಾರುವಾಗ ಆ ಕಡತವನ್ನು ಕೀಲಿಕೈ ಜತೆ ಕೊಳ್ಳುವವರ ಕೈಗೆ ಕೊಡಿ.